ಹಾಡಿಗೆ ಚಿತ್ರ ಕೊಟ್ಟವರು: ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳು ಮತ್ತು ಗೀತಚಿತ್ರಣದ ನಿರ್ದೇಶಕರು

ಚಿತ್ರಗೀತೆಯೊಂದು ಜನಪ್ರಿಯವಾದಾಗ ಮೊದಲು ನೆನಪಾಗುವುದು ಗಾಯಕರ ಹೆಸರು, ನಂತರ ತಾರೆಯರ ಹೆಸರು. ಸಂಗೀತ ನಿರ್ದೇಶಕರನ್ನೂ ಗೀತರಚನಕಾರರನ್ನೂ ಆಸಕ್ತರು ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ಆ ಹಾಡನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ ನಿರ್ದೇಶಕ ಯಾರು, ನೃತ್ಯ ಸಂಯೋಜಿಸಿದವರು ಯಾರು, ಚಿತ್ರೀಕರಣ ನಡೆದ ಊರು ಯಾವುದು ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಉತ್ತರವಿಲ್ಲದೆ ಉಳಿಯುತ್ತವೆ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳು ಈ ಮರೆವಿಗೆ ಒಳ್ಳೆಯ ಉದಾಹರಣೆ. ದೇಶದ ಹೆಸರಾಂತ ಗೀತಚಿತ್ರಣಗಳಲ್ಲಿ ಕೆಲವು ಇಲ್ಲಿನ ಕಲ್ಲುಮೆಟ್ಟಿಲುಗಳ ಮೇಲೆ ರೂಪುಗೊಂಡಿವೆ. ಇಲ್ಲಿ ಹುಟ್ಟಿದ ಕವಿಯೊಬ್ಬರ ಕವನಗಳು ಚಲನಚಿತ್ರವಾಗಿ ರಾಷ್ಟ್ರಪ್ರಶಸ್ತಿ ಪಡೆದಿವೆ. ಇಲ್ಲಿಯ ಹಳ್ಳಿಯೊಂದರಿಂದ ಹೋದ ಅಧ್ಯಾಪಕರೊಬ್ಬರು ಹಾಡು ಬರೆದು, ಅದನ್ನು ತಾವೇ ಚಿತ್ರಿಸುವ ನಿರ್ದೇಶಕರಾಗಿದ್ದಾರೆ.

ಗೀತಚಿತ್ರಣದ ಮೂರು ಭಿನ್ನ ಮಾರ್ಗಗಳನ್ನು ಈ ನಾಲ್ಕು ತಾಲ್ಲೂಕುಗಳ ನಂಟಿನಲ್ಲೇ ಗುರುತಿಸಬಹುದು. ಸ್ಥಳವನ್ನು ಹುಡುಕಿಕೊಂಡು ಬಂದ ಮಣಿರತ್ನಂ, ಕವನವನ್ನು ಹುಡುಕಿಕೊಂಡು ಹೋದ ಟಿ.ಎಸ್. ನಾಗಾಭರಣ, ಈ ಮಣ್ಣಿನಿಂದಲೇ ಹೊರಟ ನಾಗತಿಹಳ್ಳಿ ಚಂದ್ರಶೇಖರ - ಈ ಮೂವರ ಕೆಲಸ ಹಾಗೂ ಅದರಿಂದ ಈ ಪ್ರದೇಶಕ್ಕೆ ದೊರೆತದ್ದೇನು ಎಂಬುದರ ಪರಿಚಯ ಇಲ್ಲಿದೆ.

ಗೀತಚಿತ್ರಣ ಎಂದರೇನು?

ಪಾಶ್ಚಾತ್ಯ ದೇಶಗಳಲ್ಲಿ 'ಮ್ಯೂಸಿಕ್ ವಿಡಿಯೊ' ಎಂಬುದು ಧ್ವನಿಮುದ್ರಿಕೆಯ ಪ್ರಚಾರಕ್ಕಾಗಿ ಬೆಳೆದ ಪ್ರಕಾರ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ವಾಹಿನಿ ಆರಂಭವಾದ ಮೇಲೆ ಅದು ಸ್ವತಂತ್ರ ಕಲೆಯಾಗಿ ಬೆಳೆಯಿತು. ಆರ್.ಇ.ಎಂ. ತಂಡದ 'ಲೂಸಿಂಗ್ ಮೈ ರಿಲಿಜನ್' ಹಾಡಿಗೆ 1991ರಲ್ಲಿ ವಿಡಿಯೊ ನಿರ್ದೇಶಿಸಿ ವಿಶ್ವದ ಗಮನ ಸೆಳೆದ ತರ್ಸೇಮ್ ಸಿಂಗ್ ಪಂಜಾಬಿನ ಜಲಂಧರ್ ಮೂಲದವರು. ಆದರೂ ಆರಂಭದ ಒಂದು ದಶಕದ ಕಾಲ ಎಂಟಿವಿಯ ಪರದೆಯ ಮೇಲೆ ಕಲಾವಿದರ ಮತ್ತು ಹಾಡಿನ ಹೆಸರು ಮೂಡುತ್ತಿತ್ತೇ ಹೊರತು ನಿರ್ದೇಶಕರ ಹೆಸರು ಮೂಡುತ್ತಿರಲಿಲ್ಲ. 1992ರ ಕೊನೆಯಲ್ಲಷ್ಟೇ ವಾಹಿನಿ ಅವರ ಹೆಸರನ್ನೂ ಸೇರಿಸಿತು. ಆ ನಂತರ ವಿಡಿಯೊ ನಿರ್ದೇಶಕರನ್ನು ಅವರವರ ಶೈಲಿಯಿಂದ ಗುರುತಿಸುವುದು ನೋಡುಗರಿಗೆ ಸುಲಭವಾಯಿತು.

ಭಾರತದಲ್ಲಿ ಈ ಸ್ಥಾನವನ್ನು ಬಹುಕಾಲದಿಂದ ಚಲನಚಿತ್ರದ ಹಾಡೇ ತುಂಬಿದೆ. ಬೆಂಗಳೂರು ದೂರದರ್ಶನದ 'ಚಿತ್ರಮಂಜರಿ' ಕಾರ್ಯಕ್ರಮಕ್ಕಾಗಿ ವಾರವಿಡೀ ಕಾಯುತ್ತಿದ್ದ ಕಾಲದಿಂದ, 1994ರಲ್ಲಿ ಆರಂಭವಾದ ಉದಯ ಟಿವಿಯ ಕಾಲವನ್ನು ದಾಟಿ, ಇಂದಿನ ಯೂಟ್ಯೂಬ್‌ವರೆಗೆ ಕನ್ನಡಿಗರು 'ವಿಡಿಯೊ ಸಾಂಗ್' ಎಂದು ನೋಡುತ್ತ ಬಂದಿರುವುದು ಹೆಚ್ಚಾಗಿ ಸಿನಿಮಾ ಹಾಡುಗಳನ್ನೇ.

ಅದರ ಕೆಲಸದ ಕ್ರಮವೂ ವಿಶಿಷ್ಟ. ಮೊದಲು ಹಾಡು ಧ್ವನಿಮುದ್ರಣವಾಗುತ್ತದೆ. ನಂತರ ಚಿತ್ರೀಕರಣದ ಸ್ಥಳದಲ್ಲಿ ಆ ಮುದ್ರಿಕೆಯನ್ನು ತುಣುಕು ತುಣುಕಾಗಿ ಧ್ವನಿವರ್ಧಕದಲ್ಲಿ ನುಡಿಸಲಾಗುತ್ತದೆ. ನಟರು ಅದಕ್ಕೆ ತುಟಿ ಕೂಡಿಸುತ್ತಾರೆ. ಪಲ್ಲವಿ, ಚರಣ ಹಾಗೂ ಅವುಗಳ ನಡುವಿನ ವಾದ್ಯಸಂಗೀತವನ್ನು ನೃತ್ಯ ನಿರ್ದೇಶಕರು ತಾಳದ ಲೆಕ್ಕದಲ್ಲಿ ವಿಭಜಿಸುತ್ತಾರೆ. ಉಡುಪು ಬದಲಾಗುವುದು, ಊರು ಬದಲಾಗುವುದು, ಕಾಲ ಸರಿಯುವುದು ಸಾಮಾನ್ಯವಾಗಿ ಆ ವಾದ್ಯಸಂಗೀತದ ಭಾಗದಲ್ಲಿ. ಹೀಗಾಗಿ ಹಾಡಿನ ದೃಶ್ಯರೂಪಕ್ಕೆ ಚಿತ್ರದ ನಿರ್ದೇಶಕ, ಛಾಯಾಗ್ರಾಹಕ, ನೃತ್ಯ ನಿರ್ದೇಶಕ ಮೂವರೂ ಹೊಣೆಗಾರರು. ಇವರಲ್ಲಿ ನೃತ್ಯ ನಿರ್ದೇಶಕರಿಗೆ ಮನ್ನಣೆ ತಡವಾಗಿ ಬಂದಿತು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನೃತ್ಯ ಸಂಯೋಜನೆಗೆ ಪ್ರತ್ಯೇಕ ಪ್ರಶಸ್ತಿ ಸೇರಿದ್ದು 1991ನೇ ಸಾಲಿನಲ್ಲಿ. ದಕ್ಷಿಣ ಭಾರತದ ಹಾಡುಗಳ ಕುಣಿತಕ್ಕೆ ಹೊಸ ರೂಪ ಕೊಟ್ಟ ಮೂಗೂರು ಸುಂದರ್ ಹಾಗೂ ಅವರ ಪುತ್ರರಾದ ರಾಜು ಸುಂದರಂ, ಪ್ರಭುದೇವ ಅವರ ಮನೆತನದ ಮೂಲ ನೆರೆಯ ಮೈಸೂರು ಜಿಲ್ಲೆಯ ಮೂಗೂರು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಪುಟ್ಟಣ್ಣನವರ ಪರಂಪರೆ

ಕನ್ನಡದಲ್ಲಿ ಹಾಡಿನ ಚಿತ್ರೀಕರಣವನ್ನು ನಿರ್ದೇಶಕನ ಸಾಮರ್ಥ್ಯದ ಅಳತೆಗೋಲಾಗಿ ಮಾಡಿದವರಲ್ಲಿ ಎಸ್.ಆರ್. ಪುಟ್ಟಣ್ಣ ಕಣಗಾಲ್ ಪ್ರಮುಖರು. ಅವರ ಹುಟ್ಟೂರು ಕಣಗಾಲು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. 'ಶರಪಂಜರ' (1971) ಚಿತ್ರದಲ್ಲಿ ಕೊಡಗು, 'ನಾಗರಹಾವು' (1972) ಚಿತ್ರದಲ್ಲಿ ಚಿತ್ರದುರ್ಗದ ಕೋಟೆ ಕೇವಲ ಹಿನ್ನೆಲೆಯಾಗಿ ಉಳಿಯಲಿಲ್ಲ. ಪಾತ್ರಗಳ ಮನಃಸ್ಥಿತಿಯನ್ನು ಹೇಳುವ ಸಾಧನಗಳಾದವು. ಆ ಚಿತ್ರಗಳನ್ನು ನೋಡಿದವರಿಗೆ ಚಿತ್ರದುರ್ಗವು ಚಿತ್ರದುರ್ಗವಾಗಿಯೇ ನೆನಪಿನಲ್ಲಿ ಉಳಿಯಿತು. ಸ್ಥಳವನ್ನು ಅದರ ಹೆಸರಿನೊಂದಿಗೇ ತೋರಿಸುವ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮೂವರು ನಿರ್ದೇಶಕರ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಮಣಿರತ್ನಂ: ಮೇಲುಕೋಟೆಯ ಎರಡು ಹಾಡುಗಳು

ತಮಿಳು ಹಾಗೂ ಹಿಂದಿ ಚಿತ್ರಗಳಿಂದ ಪ್ರಖ್ಯಾತರಾದ ಮಣಿರತ್ನಂ ನಿರ್ದೇಶಿಸಿದ ಮೊದಲ ಚಿತ್ರ ಕನ್ನಡದ 'ಪಲ್ಲವಿ ಅನುಪಲ್ಲವಿ' (1983). ಇಳಯರಾಜ ಅವರ ಸಂಗೀತ, ಬಾಲು ಮಹೇಂದ್ರ ಅವರ ಛಾಯಾಗ್ರಹಣವಿದ್ದ ಆ ಚಿತ್ರದ ಹಾಡುಗಳು ಇಂದಿಗೂ ಕೇಳಿಬರುತ್ತಿವೆ. ಎಂಟು ವರ್ಷಗಳ ನಂತರ ಅವರು ರಜನಿಕಾಂತ್ ಮತ್ತು ಮಮ್ಮೂಟ್ಟಿ ಅಭಿನಯದ 'ದಳಪತಿ' (1991) ಚಿತ್ರಕ್ಕಾಗಿ ಮೈಸೂರು ಸೀಮೆಗೆ ಬಂದರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಸ್ವರ್ಣಲತಾ ಹಾಡಿದ 'ರಾಕ್ಕಮ್ಮ ಕೈಯ ತಟ್ಟು' ಹಾಡಿಗೆ ಆಯ್ಕೆಯಾದ ಸ್ಥಳ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ರಾಯಗೋಪುರ. ಛಾಯಾಗ್ರಹಣ ಸಂತೋಷ್ ಶಿವನ್ ಅವರದು. 2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ನಡೆಸಿದ ವಿಶ್ವದ ಜನಪ್ರಿಯ ಹತ್ತು ಹಾಡುಗಳ ಸಮೀಕ್ಷೆಯಲ್ಲಿ ಈ ಹಾಡು ನಾಲ್ಕನೆಯ ಸ್ಥಾನ ಪಡೆಯಿತು.

ರಾಯಗೋಪುರವು ಪೂರ್ಣಗೊಳ್ಳದೆ ನಿಂತ ಮಹಾದ್ವಾರ. ಎತ್ತರವಾದ ಕೆತ್ತನೆಯ ಕಂಬಗಳಿವೆ, ಮೇಲಿನ ಗೋಪುರವಿಲ್ಲ. ಈ ಅಪೂರ್ಣತೆಯೇ ಛಾಯಾಗ್ರಾಹಕರಿಗೆ ಅನುಕೂಲ. ಕಂಬಗಳ ನಡುವೆ ಆಕಾಶ ತೆರೆದುಕೊಂಡಿರುವುದರಿಂದ ಬೆಳಕು ಎಲ್ಲೆಡೆಯಿಂದ ಬರುತ್ತದೆ. ದೊಡ್ಡ ಗುಂಪು ಕುಣಿದರೂ ಕಂಬಗಳು ಚೌಕಟ್ಟನ್ನು ಹಿಡಿದಿಡುತ್ತವೆ. ಮೆಟ್ಟಿಲು ಮತ್ತು ಜಗತಿಗಳಿಂದಾಗಿ ಕಲಾವಿದರನ್ನು ಬೇರೆ ಬೇರೆ ಎತ್ತರದಲ್ಲಿ ನಿಲ್ಲಿಸಬಹುದು.

ಹದಿನೈದು ವರ್ಷಗಳ ಬಳಿಕ ಮಣಿರತ್ನಂ ಮತ್ತೆ ಮೇಲುಕೋಟೆಯನ್ನು ಆಯ್ದುಕೊಂಡರು. 2007ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಿತ್ರ 'ಗುರು'ವಿನ 'ಬರ್ಸೊ ರೇ' ಹಾಡಿನಲ್ಲಿ ಐಶ್ವರ್ಯಾ ರೈ ಮಳೆಯಲ್ಲಿ ಕುಣಿಯುವ ದೃಶ್ಯಗಳಲ್ಲಿ ಇಲ್ಲಿನ ಕಲ್ಯಾಣಿಯ ಮೆಟ್ಟಿಲುಗಳೂ ಮಂಟಪಗಳೂ ಕಾಣಿಸುತ್ತವೆ. ಗುಲ್ಜಾರ್ ಸಾಹಿತ್ಯ, ಎ.ಆರ್. ರೆಹಮಾನ್ ಸಂಗೀತ, ಶ್ರೇಯಾ ಘೋಷಾಲ್ ಗಾಯನ, ರಾಜೀವ್ ಮೆನನ್ ಛಾಯಾಗ್ರಹಣದ ಈ ಹಾಡಿನ ನೃತ್ಯ ಸಂಯೋಜನೆಗಾಗಿ ಸರೋಜ್ ಖಾನ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಅವರು 2020ರಲ್ಲಿ ನಿಧನರಾದರು.

ಎರಡೂ ಹಾಡುಗಳಲ್ಲಿ ನಿರ್ದೇಶಕರು ಸ್ಥಳವನ್ನು ಬಳಸಿದ ರೀತಿ ಬೇರೆ ಬೇರೆ. 'ದಳಪತಿ'ಯ ಹಾಡು ಜನಜಂಗುಳಿಯದು. ಅಲ್ಲಿ ಕಲ್ಲುಕಂಬಗಳು ಗುಂಪಿನ ಸಂಭ್ರಮಕ್ಕೆ ರಂಗಮಂಚವಾಗುತ್ತವೆ. 'ಗುರು'ವಿನ ಹಾಡು ಒಬ್ಬಳೇ ಹೆಣ್ಣುಮಗಳದು. ಅಲ್ಲಿ ಮೆಟ್ಟಿಲುಗಳ ವಿಸ್ತಾರವು ಮನೆ ಬಿಟ್ಟು ಹೋಗಬೇಕೆಂಬ ಅವಳ ಉತ್ಸಾಹಕ್ಕೆ ಬಯಲನ್ನು ಒದಗಿಸುತ್ತದೆ. ಒಂದೇ ಊರು ಎರಡು ಭಾವಗಳಿಗೆ ಹೊಂದಿಕೊಂಡದ್ದು ನಿರ್ದೇಶಕರ ಕೌಶಲ. ಆದರೆ ಎರಡರಲ್ಲಿಯೂ ಮೇಲುಕೋಟೆ ಮೇಲುಕೋಟೆಯಾಗಿ ಇಲ್ಲ. ಮೊದಲನೆಯದರಲ್ಲಿ ಅದು ತಮಿಳು ಕಥೆಯ ಭಾಗ, ಎರಡನೆಯದರಲ್ಲಿ ಗುಜರಾತಿನ ಹಳ್ಳಿ. ದೇಶದಾದ್ಯಂತ ಕೋಟ್ಯಂತರ ಜನ ಈ ಊರನ್ನು ನೋಡಿದರೂ ಅದರ ಹೆಸರು ಅವರಿಗೆ ತಲುಪಲಿಲ್ಲ.

ನಾಗಾಭರಣ: ಕಿಕ್ಕೇರಿಯ ಕವಿಗೆ ತೆರೆಯ ರೂಪ

ಎರಡನೆಯ ಮಾರ್ಗ ಇದಕ್ಕೆ ವಿರುದ್ಧವಾದುದು. ಅಲ್ಲಿ ಮೊದಲು ಇದ್ದದ್ದು ಸ್ಥಳವಲ್ಲ, ಕವನ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರ ಜನವರಿ 26ರಂದು ಜನಿಸಿದ ಕೆ.ಎಸ್. ನರಸಿಂಹಸ್ವಾಮಿ ಅವರ ಮೊದಲ ಕವನ ಸಂಕಲನ 'ಮೈಸೂರು ಮಲ್ಲಿಗೆ' ಪ್ರಕಟವಾದದ್ದು 1942ರಲ್ಲಿ. ಗಂಡ ಹೆಂಡಿರ ಸರಸ, ತವರಿನ ಹಂಬಲ, ಬಳೆಗಾರನ ಬರವು ಮೊದಲಾದ ಮನೆಯಂಗಳದ ಸಂಗತಿಗಳನ್ನೇ ಹಾಡಾಗಿಸಿದ ಈ ಕವನಗಳು ಸುಗಮ ಸಂಗೀತದ ಮೂಲಕ ನಾಡಿನ ಮನೆಮನೆಗೆ ತಲುಪಿದವು.

ಈ ಜನಪ್ರಿಯತೆಯೇ ನಿರ್ದೇಶಕನಿಗೆ ಸವಾಲು. ಕೇಳಿದ ಪ್ರತಿಯೊಬ್ಬರೂ ತಮ್ಮದೇ ಆದ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿರುವಾಗ ತೆರೆಯ ಮೇಲೆ ಮತ್ತೊಂದು ಚಿತ್ರವನ್ನು ಒಪ್ಪಿಸುವುದು ಸುಲಭವಲ್ಲ. ಬಿ.ವಿ. ಕಾರಂತರ ರಂಗಭೂಮಿಯ ಒಡನಾಟದಿಂದ ಬಂದ ಟಿ.ಎಸ್. ನಾಗಾಭರಣ ಈ ಕೆಲಸವನ್ನು ಕೈಗೆತ್ತಿಕೊಂಡರು. ಶ್ರೀಹರಿ ಖೋಡೆ ನಿರ್ಮಾಪಕರು, ಸಿ. ಅಶ್ವಥ್ ಸಂಗೀತ ನಿರ್ದೇಶಕರು. ಇದೇ ತಂಡ ಅದಕ್ಕೂ ಮೊದಲು 'ಸಂತ ಶಿಶುನಾಳ ಷರೀಫ' (1990) ಚಿತ್ರದಲ್ಲಿ ಷರೀಫರ ತತ್ವಪದಗಳನ್ನು ತೆರೆಗೆ ತಂದಿತ್ತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಂದಿತ್ತು.

'ಮೈಸೂರು ಮಲ್ಲಿಗೆ'ಯಲ್ಲಿ ಕಥೆಗೆ ಹಾಡು ಬರೆಸುವ ರೂಢಿಯನ್ನು ಬಿಟ್ಟು, ಹಾಡುಗಳಿಂದಲೇ ಕಥೆಯನ್ನು ಕಟ್ಟಲಾಯಿತು. ಸುಧಾರಾಣಿ, ಆನಂದ್, ಗಿರೀಶ ಕಾರ್ನಾಡ್ ಮೊದಲಾದವರು ಅಭಿನಯಿಸಿದರು. ಕುಣಿತದ ಗುಂಪು, ಉಡುಪಿನ ಬದಲಾವಣೆ, ದೂರದ ತಾಣಗಳ ನೆರವನ್ನು ಇಂಥ ಕವನಗಳು ಬೇಡುವುದಿಲ್ಲ. ಅವುಗಳಿಗೆ ಬೇಕಾದದ್ದು ಮನೆಯ ಪಡಸಾಲೆ, ಬಾಗಿಲು, ದೀಪ. ಹಾಡು ಆರಂಭವಾದಾಗ ಕಥೆ ನಿಲ್ಲಬಾರದು, ಹಾಡಿನೊಳಗೇ ಮುಂದುವರಿಯಬೇಕು ಎಂಬುದು ಈ ಮಾರ್ಗದ ಮುಖ್ಯ ನಿಯಮ. 39ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ನರಸಿಂಹಸ್ವಾಮಿ ಅವರಿಗೆ ಅತ್ಯುತ್ತಮ ಗೀತರಚನೆಯ ಪ್ರಶಸ್ತಿ ಸಂದಿತು. ಸಂಕಲನ ಪ್ರಕಟವಾಗಿ ಸುಮಾರು ಅರ್ಧ ಶತಮಾನದ ನಂತರ ಚಲನಚಿತ್ರ ಗೀತರಚನಕಾರರೆಂದು ಕವಿಯೊಬ್ಬರು ಗೌರವ ಪಡೆದದ್ದು ವಿಶೇಷ. ಕವಿ 2003ರಲ್ಲಿ, ಅಶ್ವಥ್ 2009ರಲ್ಲಿ ನಿಧನರಾದರು.

ಈ ಚಿತ್ರದ ನಿರ್ಮಾಪಕರ ಹೆಸರು ಪಾಂಡವಪುರ ತಾಲ್ಲೂಕಿನೊಂದಿಗೆ ಬೇರೊಂದು ಕಾರಣಕ್ಕೂ ಸೇರಿಕೊಂಡಿದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮುಳುಗಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸಕನ್ನಂಬಾಡಿಯಲ್ಲಿ ಮರುನಿರ್ಮಿಸಿದ್ದು ಶ್ರೀಹರಿ ಖೋಡೆ ಅವರ ನೇತೃತ್ವದ ಖೋಡೆ ಪ್ರತಿಷ್ಠಾನ. ಹಿನ್ನೀರಿನ ದಡದ ಈ ದೇವಾಲಯ ಈಗ ಪ್ರವಾಸಿಗರ ಮೆಚ್ಚಿನ ತಾಣ.

ಹಾಡನ್ನು ದೃಶ್ಯವಾಗಿ ಕಲ್ಪಿಸುವ ಪರಂಪರೆ ಈ ಭಾಗದಲ್ಲಿ ಸಿನಿಮಾದಿಂದ ಆರಂಭವಾದದ್ದಲ್ಲ. ಮೇಲುಕೋಟೆಯಲ್ಲಿ 1905ರಲ್ಲಿ ಜನಿಸಿದ ಪು.ತಿ. ನರಸಿಂಹಾಚಾರ್ ತಮ್ಮ ಗೀತನಾಟಕಗಳಿಗೆ ಸಾಹಿತ್ಯದೊಂದಿಗೆ ರಾಗಗಳನ್ನೂ ತಾವೇ ಯೋಜಿಸಿದರು, ಹೊಸ ರಾಗಗಳನ್ನೂ ಕಲ್ಪಿಸಿದರು. ಅವರ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಮೇಲುಕೋಟೆಯಲ್ಲಿನ ಕವಿಯ ಮನೆ ಇಂದು ಸ್ಮಾರಕವಾಗಿದೆ.

ನಾಗತಿಹಳ್ಳಿ ಚಂದ್ರಶೇಖರ: ಬರೆದವರೇ ಚಿತ್ರಿಸಿದಾಗ

ಮೂರನೆಯ ಮಾರ್ಗ ಗೀತರಚನಕಾರ ಮತ್ತು ನಿರ್ದೇಶಕ ಒಬ್ಬರೇ ಆಗಿರುವುದು. ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಲ್ಲಿ 1958ರ ಆಗಸ್ಟ್ 15ರಂದು ಜನಿಸಿದ ಚಂದ್ರಶೇಖರ ಅವರು ಕನ್ನಡ ಅಧ್ಯಾಪಕರಾಗಿ, ಕಥೆಗಾರರಾಗಿ ಹೆಸರು ಮಾಡಿದ ನಂತರ ಚಿತ್ರರಂಗಕ್ಕೆ ಬಂದರು. ಗ್ರಾಮೀಣ ಹಿನ್ನೆಲೆಯ 'ಉಂಡೂ ಹೋದ ಕೊಂಡೂ ಹೋದ' (1992), ಕುಂ. ವೀರಭದ್ರಪ್ಪ ಅವರ ಕಥೆಯನ್ನಾಧರಿಸಿದ 'ಕೊಟ್ರೇಶಿ ಕನಸು' ಚಿತ್ರಗಳು ಅವರಿಗೆ ನೆಲೆ ಒದಗಿಸಿದವು.

ಗೀತಚಿತ್ರಣದ ದೃಷ್ಟಿಯಿಂದ ಮುಖ್ಯವಾದದ್ದು 1990ರ ದಶಕದ 'ಅಮೆರಿಕಾ ಅಮೆರಿಕಾ'. ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗ ಮನೋಮೂರ್ತಿ ಅವರನ್ನು ಸಂಗೀತ ನಿರ್ದೇಶಕರಾಗಿ ಪರಿಚಯಿಸಿದ ಚಿತ್ರವಿದು. ರಾಜೇಶ್ ಕೃಷ್ಣನ್ ಹಾಡಿದ 'ನೂರು ಜನ್ಮಕೂ' ಗೀತೆಯನ್ನು ಬರೆದವರು ನಿರ್ದೇಶಕರೇ. ಇಂಥ ಸಂದರ್ಭದಲ್ಲಿ ಪದ ಮತ್ತು ಚಿತ್ರದ ನಡುವೆ ಪೈಪೋಟಿ ಇರುವುದಿಲ್ಲ. ಯಾವುದನ್ನು ಮಾತಿನಲ್ಲಿ ಹೇಳಬೇಕು, ಯಾವುದನ್ನು ಕಣ್ಣಿಗೆ ಬಿಡಬೇಕು ಎಂಬ ನಿರ್ಧಾರ ಬರೆಯುವಾಗಲೇ ಆಗಿರುತ್ತದೆ. 'ನನ್ನ ಪ್ರೀತಿಯ ಹುಡುಗಿ' (2001), 'ಪ್ಯಾರಿಸ್ ಪ್ರಣಯ' (2003), 'ಅಮೃತಧಾರೆ' (2005) ಚಿತ್ರಗಳಲ್ಲೂ ಅವರು ಹಾಡಿಗೆ ವಿಶೇಷ ಗಮನ ಕೊಟ್ಟರು. ಪರದೇಶದ ಬೀದಿಗಳಲ್ಲಿ ಕನ್ನಡದ ಹಾಡು ಚಿತ್ರಿಸುವಾಗ ಆ ದೇಶದ ಹೆಸರು, ಅಲ್ಲಿನ ಕನ್ನಡಿಗರ ಬದುಕು ಕಥೆಯ ಭಾಗವೇ ಆಗಿದ್ದವು. 'ಮಾತಾಡ್ ಮಾತಾಡು ಮಲ್ಲಿಗೆ' (2007) ಚಿತ್ರದಲ್ಲಿ ವಿಷ್ಣುವರ್ಧನ್ ಹೂ ಬೆಳೆಗಾರನ ಪಾತ್ರ ವಹಿಸಿದ್ದು, ಅಲ್ಲಿ ಹೂವಿನ ತೋಟವು ಅಲಂಕಾರದ ಮಟ್ಟವನ್ನು ದಾಟಿ ಉಳಿಸಿಕೊಳ್ಳಬೇಕಾದ ಜೀವನಾಧಾರವಾಗಿದೆ.

ಹುಟ್ಟೂರಿನ ನಂಟನ್ನು ಅವರು ಬಿಡಲಿಲ್ಲ. ನಾಗತಿಹಳ್ಳಿಯಲ್ಲಿ ಅವರು ನಡೆಸಿಕೊಂಡು ಬಂದಿರುವ ಸಂಸ್ಕೃತಿ ಹಬ್ಬ ಗ್ರಾಮೀಣ ಪ್ರೇಕ್ಷಕರಿಗೆ ನಾಟಕ, ಸಂಗೀತಗಳನ್ನು ತಲುಪಿಸಿದೆ.

ಶ್ರೀರಂಗಪಟ್ಟಣ: ಉದ್ಯಾನದ ಯುಗ

ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲು ಬೇರೊಂದು ಕಾಲಘಟ್ಟಕ್ಕೆ ಸೇರಿದ್ದು. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ರೂಪುಗೊಂಡ ಬೃಂದಾವನ ಉದ್ಯಾನವು ಒಂದು ಕಾಲಕ್ಕೆ ಕನ್ನಡ, ತಮಿಳು, ತೆಲುಗು, ಹಿಂದಿ ಚಿತ್ರಗಳ ಯುಗಳಗೀತೆಗಳಿಗೆ ಅಚ್ಚುಮೆಚ್ಚಿನ ತಾಣವಾಗಿತ್ತು. ಸಾಲು ಕಾರಂಜಿ, ಮೆಟ್ಟಿಲು ಮೆಟ್ಟಿಲಾದ ಹುಲ್ಲುಹಾಸು, ರಾತ್ರಿಯ ಬಣ್ಣದ ದೀಪಗಳು ಸೆಟ್ಟಿನ ವೆಚ್ಚವನ್ನು ಉಳಿಸುತ್ತಿದ್ದವು. ವಿದೇಶಗಳಲ್ಲಿ ಹಾಡು ಚಿತ್ರಿಸುವುದು ಸುಲಭವಾದಂತೆ ಉದ್ಯಾನದ ಬೇಡಿಕೆ ತಗ್ಗಿತು. ನಿರ್ದೇಶಕರ ಕಣ್ಣು ಅಲಂಕಾರದ ಉದ್ಯಾನದಿಂದ ಮೇಲುಕೋಟೆಯಂತಹ ಹಳೆಯ ಕಲ್ಲಿನ ತಾಣಗಳತ್ತ ಹೊರಳಿದ್ದು ಗೀತಚಿತ್ರಣದ ಅಭಿರುಚಿ ಬದಲಾದುದರ ಸೂಚನೆ.

ಊರಿಗೆ ಉಳಿದದ್ದೇನು?

ಮೇಲುಕೋಟೆ ಚೆಲುವನಾರಾಯಣಸ್ವಾಮಿಯ ಕ್ಷೇತ್ರ. ರಾಮಾನುಜಾಚಾರ್ಯರು ನೆಲೆಸಿದ್ದ ಊರು. ವೈರಮುಡಿ ಉತ್ಸವಕ್ಕೆ ಸಾವಿರಾರು ಭಕ್ತರು ಸೇರುವ ಸ್ಥಳ. ಚಿತ್ರತಂಡಗಳು ಬಂದಾಗ ವಸತಿಗೃಹ, ಊಟದ ಹೋಟೆಲ್, ವಾಹನದವರಿಗೆ ಕೆಲವು ದಿನಗಳ ಸಂಪಾದನೆ ಆಗುವುದು ನಿಜ. ಅದೇ ವೇಳೆ ಭಾರವಾದ ಕ್ರೇನು, ದೀಪ, ತಾತ್ಕಾಲಿಕ ಸೆಟ್ಟುಗಳು ಶತಮಾನಗಳ ಕಲ್ಲಿನ ಮೇಲೆ ಕೂರುತ್ತವೆ. 2022ರಲ್ಲಿ ತೆಲುಗು ಚಿತ್ರವೊಂದಕ್ಕಾಗಿ ರಾಯಗೋಪುರದ ಬಳಿ ಮದ್ಯದಂಗಡಿಯ ಸೆಟ್ ಹಾಕಿದಾಗ ಸ್ಥಳೀಯರು ಪ್ರತಿಭಟಿಸಿದ್ದು ರಾಜ್ಯದ ಗಮನ ಸೆಳೆದಿತ್ತು. ಊರಿನವರ ಆಕ್ಷೇಪವಿದ್ದದ್ದು ಸಿನಿಮಾದ ಬಗ್ಗೆ ಅಲ್ಲ. ಸ್ಥಳ ಯಾವುದೆಂಬ ಅರಿವಿಲ್ಲದಂತೆ ಅದನ್ನು ಬಳಸಿದ ಬಗ್ಗೆ.

ಕಾನೂನಿನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಲಕ್ಷ್ಮೀನಾರಾಯಣ ದೇವಾಲಯದಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳ ಒಳಗೆ ಚಲನಚಿತ್ರ ಚಿತ್ರೀಕರಿಸಲು 1959ರ ನಿಯಮಗಳ ಪ್ರಕಾರ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಪಡೆಯಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಅನ್ವಯಿಸುತ್ತದೆ. ಮುಜರಾಯಿ ದೇವಾಲಯಗಳು ಧಾರ್ಮಿಕ ದತ್ತಿ ಇಲಾಖೆಯ ವ್ಯಾಪ್ತಿಯಲ್ಲಿವೆ. 1940ರಲ್ಲಿ ಘೋಷಿತವಾದ ರಂಗನತಿಟ್ಟು ಪಕ್ಷಿಧಾಮ 2022ರಲ್ಲಿ ರಾಮ್ಸರ್ ತಾಣವೂ ಆಗಿದ್ದು, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಆದರೆ ಅನುಮತಿ ಪತ್ರವು ಸ್ಥಳದ ಕಲ್ಲನ್ನು ಕಾಯಬಲ್ಲದೇ ಹೊರತು ಹೆಸರನ್ನು ಕಾಯಲಾರದು.

ಇಂದು ಡ್ರೋನ್ ಮತ್ತು ಮೊಬೈಲ್ ಕ್ಯಾಮೆರಾಗಳ ನೆರವಿನಿಂದ ಸಣ್ಣ ತಂಡಗಳೂ ಸ್ವತಂತ್ರ ವಿಡಿಯೊ ಹಾಡುಗಳನ್ನು ತಯಾರಿಸಿ ನೇರವಾಗಿ ಅಂತರ್ಜಾಲಕ್ಕೆ ಏರಿಸುತ್ತಿವೆ. ದೊಡ್ಡ ಚಿತ್ರಗಳು ಮಾಡದ ಕೆಲಸವನ್ನು ಇವು ಸುಲಭವಾಗಿ ಮಾಡಬಹುದು. ಹಾಡಿನ ಕೆಳಗಿನ ವಿವರಣೆಯಲ್ಲಿ ಚಿತ್ರಿಸಿದ ನಿರ್ದೇಶಕ, ಛಾಯಾಗ್ರಾಹಕ, ನೃತ್ಯ ಸಂಯೋಜಕರ ಹೆಸರಿನೊಂದಿಗೆ ಊರಿನ ಹೆಸರನ್ನೂ ತಾಲ್ಲೂಕನ್ನೂ ಬರೆಯಲು ಯಾವ ವೆಚ್ಚವೂ ಇಲ್ಲ. ಎಂಟಿವಿ 1992ರಲ್ಲಿ ಸೇರಿಸಿದ ಒಂದು ಸಾಲು ಆ ಕಲೆಯ ಕರ್ತೃಗಳಿಗೆ ಗುರುತು ತಂದಿತು. ಅಂಥದೇ ಒಂದು ಸಾಲು ಮೇಲುಕೋಟೆಯಂತಹ ಊರುಗಳಿಗೂ ಸಲ್ಲಬೇಕಾಗಿದೆ.

ಆಸಕ್ತರ ಗಮನಕ್ಕೆ

ಶ್ರೀರಂಗಪಟ್ಟಣವು ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ, ಮೈಸೂರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿದೆ. ಮೈಸೂರಿನಿಂದ ಮೇಲುಕೋಟೆಗೆ ಪಾಂಡವಪುರದ ಮಾರ್ಗವಾಗಿ ಸುಮಾರು 50 ಕಿ.ಮೀ. ಅಂತರ. ರಾಯಗೋಪುರ, ಕಲ್ಯಾಣಿ, ಅಕ್ಕ-ತಂಗಿ ಕೊಳ ಹಾಗೂ ಪು.ತಿ.ನ. ಮನೆಯನ್ನು ಒಂದೇ ದಿನದಲ್ಲಿ ನೋಡಬಹುದು. ಕೆ.ಆರ್. ಪೇಟೆಯಿಂದ ಶ್ರವಣಬೆಳಗೊಳದ ಕಡೆಗೆ ಹೋಗುವಾಗ ಕಿಕ್ಕೇರಿ ಸಿಗುತ್ತದೆ. ಕವಿಯ ಹುಟ್ಟೂರನ್ನು ನೋಡಲು ಹೋದವರು ಅಲ್ಲಿನ ಹೊಯ್ಸಳ ಶೈಲಿಯ ಬ್ರಹ್ಮೇಶ್ವರ ದೇವಾಲಯವನ್ನೂ ನೋಡಿ ಬರಬಹುದು.